ಪೂರ್ವಜರ ಮನೆತನದ ಶೋಧ: ಖಾನೇಷುಮಾರಿಯಿಂದ ವಿವಾಹ ಸಂಕಲ್ಪದವರೆಗೆ

ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಯಲಹಂಕವನ್ನು ದಾಟಿ, ವಾಯುಪಡೆಯ ನೆಲೆಯನ್ನು ಹಿಂದಿಕ್ಕಿ ಮುಂದೆ ಸಾಗಿದರೆ ಹುಣಸಮಾರನಹಳ್ಳಿ ದೊರೆಯುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಈ ದಾರಿಯ ಇಕ್ಕೆಲದ ಹೊಲಗಳು ನಿವೇಶನಗಳಾಗಿ ಮಾರ್ಪಟ್ಟವು. ನೆಲಕ್ಕೆ ಬೆಲೆ ಬಂದಂತೆ ಅದುವರೆಗೆ ಯಾರೂ ಕೇಳದಿದ್ದ ಒಂದು ಕಾಗದಕ್ಕೂ ಬೆಲೆ ಬಂದಿತು. ಅದೇ ವಂಶವೃಕ್ಷ. ಪಿತ್ರಾರ್ಜಿತ ಭೂಮಿಯ ಪ್ರಶ್ನೆ ಎದ್ದಾಗ ಅಜ್ಜನ ಹೆಸರನ್ನು ಎಲ್ಲರೂ ಹೇಳಬಲ್ಲರು; ಅಜ್ಜನ ತಂದೆಯ ಹೆಸರನ್ನು ಮನೆಯ ಹಿರಿಯರೊಬ್ಬರು ನೆನಪಿಸಿಕೊಳ್ಳಬಹುದು; ಆ ಮುತ್ತಜ್ಜನ ಕೈಹಿಡಿದ ಮುತ್ತಜ್ಜಿ ಯಾವ ಊರಿನವಳು, ಯಾರ ಮಗಳು ಎಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಈ ಸೀಮೆಯ ಹಳೆಯ ಒಕ್ಕಲುಗಳಿಗೆ ಹೇಗೋ, ಹಾಸನ, ತುಮಕೂರು, ಬೆಳಗಾವಿ, ದಕ್ಷಿಣ ಕನ್ನಡಗಳಿಂದ ಬಂದು ಉತ್ತರ ಬೆಂಗಳೂರಿನಲ್ಲಿ ನೆಲೆಸಿದ ಶ್ರಾವಕ ಕುಟುಂಬಗಳಿಗೂ ಹಾಗೆಯೇ.

ಈ ನೆಲವು ಹೆಸರುಗಳನ್ನು ಕಾಪಾಡದ ನೆಲವೇನೂ ಅಲ್ಲ. ಇದು ಜಿನಧರ್ಮಕ್ಕೆ ಆಶ್ರಯವಿತ್ತ ಗಂಗರ ನಾಡು. 2018ರಲ್ಲಿ ಹೆಬ್ಬಾಳದಲ್ಲಿ ಪತ್ತೆಯಾದ, ಕ್ರಿ. ಶ. 750ರ ಸುಮಾರಿನ ವೀರಗಲ್ಲು ಶ್ರೀಪುರುಷನ ಆಳ್ವಿಕೆಯಲ್ಲಿ ಕಾದಿ ಮಡಿದ ಕಿತ್ತಯ್ಯನ ಹೆಸರನ್ನು ಇಂದಿಗೂ ಹೇಳುತ್ತಿದೆ. ಉತ್ತರಕ್ಕೆ ನಂದಿಯ ಸಮೀಪದ ಗೋಪಿನಾಥ ಬೆಟ್ಟದಲ್ಲಿ ಅರ್ಹಂತರ ಚೈತ್ಯವನ್ನು ಕುರಿತ ಗಂಗರ ಕಾಲದ ಶಾಸನವಿದೆ. ದಕ್ಷಿಣಕ್ಕೆ ಬೇಗೂರಿನಲ್ಲಿ ನಾಗತ್ತರನ ಮಗಳು ತೊಂಡಬ್ಬೆಯ ಸಮಾಧಿಮರಣದ ಸ್ಮಾರಕವಿದೆ. ಸಾವಿರದ ನೂರು ವರ್ಷಗಳ ಹಿಂದಿನ ಒಬ್ಬ ಹೆಣ್ಣುಮಗಳು ಯಾರ ಮಗಳೆಂದು ತಿಳಿಯುತ್ತದೆ. ನೂರು ವರ್ಷಗಳ ಹಿಂದಿನ ಮುತ್ತಜ್ಜಿಯು ಯಾರ ಮಗಳೆಂದು ತಿಳಿಯುವುದಿಲ್ಲ!

ಮನೆತನದ ಮೂಲವನ್ನು ಅರಸಲು ಹೊರಟವರಿಗೆ ಮೊದಲು ತೋಚುವ ದಾರಿ ಜನಗಣತಿ. ಹಿಂದಿನವರ ಮಾತಿನಲ್ಲಿ ಖಾನೇಷುಮಾರಿ. ಮೈಸೂರು ಸೀಮೆಯಲ್ಲಿ ಕ್ರಮಬದ್ಧವಾದ ಗಣತಿ ನಡೆದದ್ದು 1871ರಲ್ಲಿ. ಭರತಖಂಡದಾದ್ಯಂತ ಏಕಕಾಲದಲ್ಲಿ ಗಣತಿ ನಡೆದದ್ದು 1881ರ ಫೆಬ್ರವರಿ 17ರಂದು. ಆ ವರ್ಷದ ಮೈಸೂರಿನ ಗಣತಿಯ ವರದಿಯನ್ನು ಬರೆದವರು ಬಿ. ಎಲ್. ರೈಸ್ ಅವರು. ಶ್ರವಣಬೆಳಗೊಳದ 144 ಶಾಸನಗಳನ್ನು 1889ರಲ್ಲಿ ಪ್ರಕಟಿಸಿ ಜೈನ ಇತಿಹಾಸದ ಬಾಗಿಲನ್ನು ತೆರೆದವರೂ ಅವರೇ. ಬದುಕಿದ್ದವರನ್ನು ಎಣಿಸಿದ ಕೈಯೇ ಅಳಿದವರ ಹೆಸರುಗಳನ್ನೂ ಪ್ರತಿಮಾಡಿಕೊಂಡಿತು. ಆದರೆ ಈ ಎರಡು ಕೆಲಸಗಳ ಫಲ ಒಂದೇ ಬಗೆಯದಾಗಲಿಲ್ಲ. ಶಾಸನಗಳ ಸಂಪುಟದಲ್ಲಿ ಹೆಸರುಗಳು ಉಳಿದವು. ಗಣತಿಯ ಸಂಪುಟದಲ್ಲಿ ಅಂಕಿಗಳು ಮಾತ್ರ ಉಳಿದವು.

ಇದನ್ನು ಅರಿಯದೆ ಅನೇಕರು ನಿರಾಶರಾಗುತ್ತಾರೆ. ಗಣಕನು ಮನೆಬಾಗಿಲಿಗೆ ಬಂದಾಗ ಪ್ರತಿಯೊಬ್ಬರ ಹೆಸರು, ವಯಸ್ಸು, ಧರ್ಮ, ವಿವಾಹಿತರೋ ಅವಿವಾಹಿತರೋ ವಿಧುರರೋ ಎಂಬ ವಿವರ, ಕಸುಬು, ಹುಟ್ಟಿದ ಸ್ಥಳ, ಓದು ಬರಹ ಎಲ್ಲವನ್ನೂ ಬರೆದುಕೊಂಡದ್ದು ನಿಜ. ಆದರೆ ಅಂಕಿಗಳನ್ನು ಕೂಡಿಸಿದ ಮೇಲೆ ಆ ಮೂಲಪತ್ರಗಳನ್ನು ಮನೆತನಗಳ ಉಪಯೋಗಕ್ಕೆಂದು ಕಾದಿರಿಸುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. 1948ರ ಜನಗಣತಿ ಅಧಿನಿಯಮದ 15ನೆಯ ಕಲಮು ಗಣತಿಯ ದಾಖಲೆಗಳನ್ನು ಯಾರೂ ಪರಿಶೀಲಿಸುವಂತಿಲ್ಲವೆಂದೂ ಸಾಕ್ಷ್ಯವಾಗಿ ಹಾಜರುಪಡಿಸುವಂತಿಲ್ಲವೆಂದೂ ವಿಧಿಸಿದೆ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಗಣತಿಯ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. ಅಲ್ಲಿ 1921ರ ಹಾಳೆಗಳು 2022ರಲ್ಲಿ ಹೊರಬಂದವು. ಅಮೆರಿಕದಲ್ಲಿ 72 ವರ್ಷಗಳ ನಿಯಮವಿದ್ದು, 1950ರ ಹಾಳೆಗಳು ಅದೇ 2022ರಲ್ಲಿ ಬಿಡುಗಡೆಯಾದವು. ಅಲ್ಲಿಯವರು ಮುತ್ತಜ್ಜನ ಮನೆಯೊಳಗೆ ಅಂದು ಯಾರು ಯಾರಿದ್ದರೆಂಬುದನ್ನು ಕಣ್ಣಾರೆ ಕಾಣಬಲ್ಲರು. ಇಲ್ಲಿಯವರಿಗೆ ಆ ಭಾಗ್ಯವಿಲ್ಲ.

ಹಾಗೆಂದು ಗಣತಿಯ ಸಂಪುಟಗಳು ನಿಷ್ಪ್ರಯೋಜಕವಲ್ಲ. 1901ರಲ್ಲಿ ಇಡೀ ಮೈಸೂರು ಸಂಸ್ಥಾನದ ಜೈನರ ಸಂಖ್ಯೆ ಹದಿಮೂರು ಸಾವಿರಕ್ಕೆ ಸ್ವಲ್ಪ ಮೇಲಿತ್ತು. ಅಷ್ಟು ಚಿಕ್ಕ ಸಮುದಾಯದಲ್ಲಿ ಹೆಣ್ಣು ಕೊಟ್ಟು ತರುವ ವರ್ತುಲವೂ ಚಿಕ್ಕದೇ. ಆದ್ದರಿಂದ ಒಂದು ಮನೆತನದ ಬೀಗರು ಎಲ್ಲೆಲ್ಲಿ ಇದ್ದಿರಬಹುದೆಂಬ ಊಹೆಗೆ ಜಿಲ್ಲಾವಾರು ಅಂಕಿಗಳು ದಿಕ್ಸೂಚಿಯಾಗುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಿಂದಿನ ಗಣತಿಗಳಲ್ಲಿ ಅನೇಕ ಜೈನರು ಹಿಂದೂಗಳೆಂದೇ ದಾಖಲಾದರೆಂಬುದನ್ನು ಗಣತಿಯ ವರದಿಗಳೇ ಒಪ್ಪಿಕೊಂಡಿವೆ. 2011ರ ಗಣತಿಯಂತೆ ಕರ್ನಾಟಕದಲ್ಲಿ 4,40,280 ಜೈನರಿದ್ದರು. ಗಣಕನ ಪ್ರಶ್ನೆಗೆ ಅರೆಮನಸ್ಸಿನಿಂದ ಉತ್ತರಿಸಿದವರು ಆ ಸಂಖ್ಯೆಯಲ್ಲಿ ಸೇರಿಲ್ಲ.

ವಿವಾಹದ ದಾಖಲೆಗಳ ಕಥೆ ಇದಕ್ಕಿಂತ ವಿಚಿತ್ರ. ಕ್ರೈಸ್ತರ ಇಗರ್ಜಿಗಳಲ್ಲಿರುವಂತೆ ತಲೆಮಾರುಗಳ ಮದುವೆಯ ಪುಸ್ತಕ ಶ್ರಾವಕರಿಗೆ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1872ರ ವಿಶೇಷ ವಿವಾಹ ಕಾಯಿದೆ ಜಾರಿಗೆ ಬಂದಾಗ, ಅದರಂತೆ ಮದುವೆಯಾಗುವವರು ತಾವು ಹಿಂದೂ, ಬೌದ್ಧ, ಸಿಖ್, ಜೈನ ಮೊದಲಾದ ಯಾವ ಧರ್ಮವನ್ನೂ ಅವಲಂಬಿಸಿದವರಲ್ಲವೆಂದು ಘೋಷಿಸಬೇಕಾಗಿತ್ತು. 1923ರ ತಿದ್ದುಪಡಿಯಿಂದ ಆ ಕಟ್ಟು ಸಡಿಲವಾಯಿತು. ಎಂದರೆ 1923ಕ್ಕಿಂತ ಹಿಂದೆ ಆ ಕಾಯಿದೆಯಂತೆ ಮದುವೆಯಾದ ಶ್ರಾವಕನೊಬ್ಬನ ಕಾಗದ ಇಂದು ಮೊಮ್ಮಕ್ಕಳ ಕೈಗೆ ಸಿಕ್ಕರೆ, ಅವನು ಜೈನನಲ್ಲವೆಂದೇ ಅದು ಸಾರುತ್ತದೆ. ದಾಖಲೆಯು ಸುಳ್ಳಲ್ಲ, ಅದನ್ನು ಬರೆಯಿಸಿದ ಕಾನೂನು ಹಾಗಿತ್ತು! 1955ರ ಹಿಂದೂ ವಿವಾಹ ಅಧಿನಿಯಮ ಜೈನರಿಗೂ ಅನ್ವಯಿಸಿತಾದರೂ ನೋಂದಣಿಯನ್ನು ಎಲ್ಲರಿಗೂ ಕಡ್ಡಾಯಮಾಡಲಿಲ್ಲ. ಕರ್ನಾಟಕವು 1976ರಲ್ಲಿ ವಿವಾಹ ನೋಂದಣಿಗೆ ತನ್ನದೇ ಅಧಿನಿಯಮವನ್ನು ಮಾಡಿತು. ಎಲ್ಲ ಧರ್ಮೀಯರ ಮದುವೆಗಳನ್ನೂ ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿದ್ದು 2006ರಲ್ಲಿ. ಅಜ್ಜ ಅಜ್ಜಿಯರ ಮದುವೆಗೆ ಸರ್ಕಾರಿ ಕಾಗದ ಸಿಗದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಹಾಗಾದರೆ ಮದುವೆಯ ದಾಖಲೆ ಎಲ್ಲಿತ್ತು? ಅದು ಮಂಟಪದಲ್ಲೇ ಇತ್ತು. ಕನ್ಯಾದಾನದ ಸಂಕಲ್ಪದಲ್ಲಿ ಇಂದ್ರರು ಇಂಥ ಗೋತ್ರದ ಇಂಥವರ ಪ್ರಪೌತ್ರ, ಇಂಥವರ ಪೌತ್ರ, ಇಂಥವರ ಪುತ್ರ ಎಂದು ವರನನ್ನೂ, ಹಾಗೆಯೇ ಪ್ರಪೌತ್ರಿ, ಪೌತ್ರಿ, ಪುತ್ರಿ ಎಂದು ವಧುವನ್ನೂ ಹೆಸರಿಸುತ್ತಾರೆ. ಎರಡು ಮನೆಗಳ ಮೂರು ಮೂರು ತಲೆಮಾರುಗಳು ನಾಲ್ಕು ಜನರ ಸಮಕ್ಷಮದಲ್ಲಿ ಘೋಷಿತವಾಗುತ್ತವೆ. ಇದಕ್ಕಿಂತ ಅಚ್ಚುಕಟ್ಟಾದ ವಿವಾಹ ದಾಖಲೆಯನ್ನು ಯಾವ ಕಚೇರಿಯೂ ಇಟ್ಟಿಲ್ಲ. ಆದರೆ ಅದು ಬಾಯಿಮಾತು. ಓಲಗದ ಸದ್ದಿನಲ್ಲಿ ಅದನ್ನು ಕಿವಿಗೊಟ್ಟು ಕೇಳುವವರು ವಿರಳ. ಪುರೋಹಿತರಿಗಾಗಿ ಆ ಹೆಸರುಗಳನ್ನು ಬರೆದುಕೊಟ್ಟ ಚೀಟಿಯು ಮರುದಿನ ಅಕ್ಷತೆಯೊಡನೆ ಗುಡಿಸಿಹೋಗುತ್ತದೆ. ಹಳೆಯ ಲಗ್ನಪತ್ರಿಕೆಯೊಂದು ಪೆಟ್ಟಿಗೆಯ ತಳದಲ್ಲಿ ಉಳಿದಿದ್ದರೆ ಅದೇ ಮಹಾಭಾಗ್ಯ.

ಗುಜರಾತಿನಲ್ಲಿ ವಹೀವಂಚರೆಂಬವರು ಶ್ರಾವಕರ ವಂಶಾವಳಿಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟರು. ಹರಿದ್ವಾರದ ಪಂಡಾಗಳ ಬಹಿಗಳಂತೂ ಪ್ರಸಿದ್ಧವೇ. ಕನ್ನಡ ನಾಡಿನ ಜೈನರು ಈ ಕೆಲಸವನ್ನು ಬೇರೊಂದು ರೀತಿಯಲ್ಲಿ ಮಾಡಿದರು: ಕಾವ್ಯದಲ್ಲಿ ಬರೆದರು, ಕಲ್ಲಿನಲ್ಲಿ ಕೆತ್ತಿದರು.

ಆದಿಕವಿ ಪಂಪನ ಮನೆತನದ ಶೋಧವೇ ಇದಕ್ಕೆ ಶ್ರೇಷ್ಠ ನಿದರ್ಶನ. ಪಂಪನು ತನ್ನ ಕಾವ್ಯದಲ್ಲಿ ವಂಶದ ಹಿರಿಯರನ್ನು ಸಾಲಾಗಿ ಹೆಸರಿಸಿದ್ದಾನೆ. ವತ್ಸಗೋತ್ರದ ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ. ಈ ಅಭಿರಾಮದೇವರಾಯನೇ ಜಿನಧರ್ಮವನ್ನು ಸ್ವೀಕರಿಸಿದವನು, ಪಂಪನ ತಂದೆ. ಗಂಡಸರ ಸಾಲು ಇಲ್ಲಿಗೆ ಪೂರ್ಣವಾಯಿತು. ಆದರೆ ತಾಯಿ ಯಾರು? 941ರಲ್ಲಿ ಆದಿಪುರಾಣವನ್ನು ರಚಿಸಿದ ಮಹಾಕವಿಯ ತಾಯಿಯ ಹೆಸರು ನಮ್ಮ ಕಾಲದವರೆಗೆ ಮರೆಯಲ್ಲಿಯೇ ಇತ್ತು. ಅದು ದೊರೆತದ್ದು ಕರ್ನಾಟಕದ ಹೊರಗೆ, ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ. ಪಂಪನ ತಮ್ಮ ಜಿನವಲ್ಲಭನು ಅಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕೆತ್ತಿಸಿ, ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಶಾಸನವನ್ನು ಬರೆಯಿಸಿದನು. ತಂದೆ ಭೀಮಪಯ್ಯ, ವೆಂಗಿನಾಡಿನ ವಂಗಿಪರ್ರಿನ ಮೂಲದವನು. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು.

ಒಂದೇ ಬಂಡೆಯಿಂದ ಎಷ್ಟು ಸಂಗತಿಗಳು ಹೊರಬಿದ್ದವು! ಕಾವ್ಯದ ಅಭಿರಾಮದೇವರಾಯನಿಗೆ ಭೀಮಪಯ್ಯನೆಂಬ ಇನ್ನೊಂದು ಹೆಸರಿತ್ತು. ಪೂರ್ವದ ವೆಂಗಿಯ ಗಂಡಿಗೂ ಪಶ್ಚಿಮದ ಬೆಳ್ವೊಲದ ಹೆಣ್ಣಿಗೂ ಸಂಬಂಧ ಬೆಳೆದಿತ್ತು. ಅಣ್ಣಿಗೇರಿಯೊಡನೆ ಪಂಪನಿಗಿದ್ದ ನಂಟು ತಾಯಿಯ ಕಡೆಯದು. ಮನೆತನವನ್ನು ಹುಡುಕುವವರು ತಂದೆಯ ಊರಿನ ದಫ್ತರುಗಳನ್ನಷ್ಟೇ ತಿರುವಿದರೆ ಅರ್ಧ ವಂಶವನ್ನು ಕಳೆದುಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಅಣ್ಣನು ಕಾವ್ಯದಲ್ಲಿ ಹೇಳದೆ ಬಿಟ್ಟುದನ್ನು ತಮ್ಮನು ಕಲ್ಲಿನಲ್ಲಿ ತುಂಬಿಕೊಟ್ಟನು.

ದಾನಚಿಂತಾಮಣಿ ಅತ್ತಿಮಬ್ಬೆಯ ಮನೆತನವನ್ನು ಬಲ್ಲವರಿಗೆ ಇನ್ನೊಂದು ಸೋಜಿಗ ಕಾಣುತ್ತದೆ. ಅವಳ ತವರಿನವರೂ ವೆಂಗಿಯ ಕಡೆಯವರೇ. 993ರ ಅಜಿತಪುರಾಣದಲ್ಲಿ ರನ್ನನು ಅವಳ ಅಜ್ಜ ನಾಗಮಯ್ಯ, ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯರನ್ನೂ, ಅತ್ತಿಮಬ್ಬೆ ಮತ್ತು ತಂಗಿ ಗುಂಡಮಬ್ಬೆ ಇಬ್ಬರೂ ಮಹಾಮಂತ್ರಿ ದಲ್ಲಪನ ಮಗ ನಾಗದೇವನನ್ನು ವರಿಸಿದುದನ್ನೂ, ಮಗ ಅಣ್ಣಿಗದೇವನನ್ನೂ ವರ್ಣಿಸಿದ್ದಾನೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಾಧ್ವಿಯ ಬಗೆಗೆ 1007ರ ಲಕ್ಕುಂಡಿಯ ಶಾಸನವೂ ಉಳಿದುಬಂದಿದೆ. ಕಾವ್ಯ, ಶಾಸನಗಳೆರಡೂ ಒಂದೇ ಮನೆಯ ಕಥೆಯನ್ನು ಹೇಳುವಾಗ ಇತಿಹಾಸಕಾರನಿಗೆ ಸಂಶಯಕ್ಕೆ ಎಡೆಯಿರುವುದಿಲ್ಲ.

ಬೆಳಗೊಳದ ಚಿಕ್ಕಬೆಟ್ಟದಲ್ಲಿ ಹೊಯ್ಸಳ ವಿಷ್ಣುವರ್ಧನನ ಸೇನಾಪತಿ ಗಂಗರಾಜನ ಮನೆಯವರೆಲ್ಲ ನೆರೆದಂತಿದೆ. ಅಜ್ಜ ಮಾರ, ಅಜ್ಜಿ ಮಾಕಣಬ್ಬೆ, ತಂದೆ ಏಚಿ, ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮೀಮತಿ. ಎಲ್ಲರ ಹೆಸರುಗಳೂ ಶಾಸನಗಳಲ್ಲಿವೆ. ಪೋಚಿಕಬ್ಬೆ 1120ರಲ್ಲಿ, ಲಕ್ಷ್ಮೀಮತಿ ಅದರ ಮರುವರ್ಷ ಸನ್ಯಸನದಿಂದ ಮುಡಿಪಿದರು. ತಾಯಿಗಾಗಿ ಗಂಗರಾಜನು ಕಟ್ಟಿಸಿದ್ದು ಕತ್ತಲೆ ಬಸದಿ. ಲಕ್ಷ್ಮೀಮತಿ ಕಟ್ಟಿಸಿದ್ದು ಎರಡುಕಟ್ಟೆ ಬಸದಿ. ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗೆ 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥನ ಬಸದಿಯನ್ನೇ ಎತ್ತಿಸಿದನು. ನಾಲ್ಕು ತಲೆಮಾರು, ಅದರಲ್ಲಿ ಮೂವರು ಹೆಂಗಸರು, ಎಲ್ಲರಿಗೂ ಹೆಸರಿದೆ. ರೈಸ್ ಅವರ ಸಂಪುಟವನ್ನು ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಶಾಸನಗಳ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯವು 1973ರಲ್ಲಿ ಮತ್ತೆ ಪ್ರಕಟಿಸಿದಾಗ ಅದು 573 ಆಯಿತು. ಇವುಗಳಲ್ಲಿ ಬಹುಪಾಲು ಅರಸರವಲ್ಲ. ಯಾತ್ರಿಕರು, ಸೆಟ್ಟಿಗಳು, ಗುಡ್ಡ ಗುಡ್ಡಿಯರು ಬಿಟ್ಟುಹೋದ ಹೆಸರುಗಳೂ ಅಲ್ಲಿವೆ.

ಮತ್ತೆ ನಮ್ಮ ಕಾಲಕ್ಕೆ ಬರುವುದಾದರೆ, ಹಳೆಯ ಮೈಸೂರಿನ ಪತ್ರಗಳಲ್ಲಿ ಎರಡು ಚಿಕ್ಕ ಪದಗಳಿವೆ: ಗಂಡಸಿನ ಹೆಸರಿಗೆ ‘ಬಿನ್’, ಮದುವೆಯಾದ ಹೆಂಗಸಿನ ಹೆಸರಿಗೆ ‘ಕೋಂ’. ಬಿನ್ ಎಂದರೆ ಇಂಥವರ ಮಗ. ಕೋಂ ಎಂದರೆ ಇಂಥವರ ಹೆಂಡತಿ. ಉಪನೋಂದಣಾಧಿಕಾರಿಗಳ ಕಚೇರಿಯ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳಲ್ಲಿ ಈ ಎರಡು ಪದಗಳನ್ನು ಹಿಡಿದು ಹೊರಟರೆ ಮೂರು ನಾಲ್ಕು ತಲೆಮಾರು ಹಿಂದಕ್ಕೆ ಹೋಗಬಹುದು. ಶಾಲೆಯ ದಾಖಲಾತಿ ಪುಸ್ತಕಗಳೂ ಜನನ ಮರಣದ ರಿಜಿಸ್ಟರುಗಳೂ ನೆರವಾಗುತ್ತವೆ. ಆದರೆ ‘ಕೋಂ’ ಎಂದು ಬರೆಯುತ್ತಲೇ ಆ ಹೆಣ್ಣಿನ ತವರು ಅಳಿಸಿಹೋಗುತ್ತದೆ. ಮನೆಗಳಲ್ಲಿ ಬರೆದಿಟ್ಟ ಹಳೆಯ ವಂಶವೃಕ್ಷಗಳಲ್ಲಂತೂ ಹೆಣ್ಣುಮಕ್ಕಳ ಕೊಂಬೆಯೇ ಇರುತ್ತಿರಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿಯೂ ಇಡೀ ದೇಶದಲ್ಲಿ 2005ರಲ್ಲಿಯೂ ಉತ್ತರಾಧಿಕಾರದ ಕಾನೂನಿಗೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂದ ಮೇಲೆ ಆ ಹೆಸರುಗಳನ್ನು ಬಿಡುವಂತಿಲ್ಲವಾಯಿತು. ಸಾವಿರ ವರ್ಷಗಳ ಹಿಂದೆ ಜಿನವಲ್ಲಭನು ತಾನಾಗಿಯೇ ಮಾಡಿದ್ದನ್ನು ಮಾಡಿಸಲು ಶಾಸನಸಭೆಯು ಬೇಕಾಯಿತು.

2027ರ ಮಾರ್ಚ್ 1ನ್ನು ಆಧಾರದಿನವನ್ನಾಗಿಟ್ಟುಕೊಂಡು ಮುಂದಿನ ಗಣತಿಯನ್ನು ನಡೆಸಲು ಸರ್ಕಾರ ಪ್ರಕಟಣೆ ಹೊರಡಿಸಿದೆ. ಗಣಕರು ಕೇಳುವ ಪ್ರಶ್ನೆಗಳಿಗೆ ಮನೆಯವರು ಹೇಳುವ ಉತ್ತರಗಳು ಮೊಮ್ಮಕ್ಕಳ ಕೈಗೆ ಎಂದೂ ಸೇರುವುದಿಲ್ಲ. ಅದೇ ವಿವರಗಳನ್ನು, ತಾಯಿ ಮತ್ತು ಅಜ್ಜಿಯರ ತವರೂರು ಹಾಗೂ ಗೋತ್ರಗಳ ಸಹಿತ, ಒಂದು ಪುಸ್ತಕದಲ್ಲಿ ಬರೆದು ಮನೆಯಲ್ಲಿಟ್ಟುಕೊಳ್ಳಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಬಸದಿಗಳಲ್ಲೂ ಇದಕ್ಕೆ ಅವಕಾಶವುಂಟು. ಹಳೆಯ ಜಿನಬಿಂಬಗಳ ಪೀಠಗಳನ್ನು ನೋಡಿದರೆ ದಾನಿಯ ಹೆಸರಿನೊಡನೆ ತಂದೆ, ತಾಯಿ, ಊರು, ಗುರುಪರಂಪರೆಗಳ ಉಲ್ಲೇಖಗಳು ಕಾಣಸಿಗುತ್ತವೆ. ಇತ್ತೀಚಿನ ಅಮೃತಶಿಲೆಯ ಫಲಕಗಳಲ್ಲಿ ದಾನಿಯ ಹೆಸರೂ ದಾನದ ಮೊತ್ತವೂ ಮಾತ್ರ ಇರುತ್ತವೆ.