ಏ.ವಿ. ರಸ್ತೆಯ ಕಣ್ಣು, ಕಿವಿ

ಚಾಮರಾಜಪೇಟೆಯ ಏ.ವಿ. ರಸ್ತೆಯ ಎರಡಕ್ಷರದಲ್ಲಿ ಇಬ್ಬರು ಅಡಗಿದ್ದಾರೆ. ಮೊದಲಿನವನು 1889ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಗಾಜಿನಮನೆಗೆ ಅಡಿಗಲ್ಲು ಇಟ್ಟ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಆಮೇಲಿನವರು ಕರ್ನಾಟಕ ಏಕೀಕರಣದ ಆಲೂರು ವೆಂಕಟರಾಯರು. ಹಲಗೆಯ ಮೇಲಿನ ಹೆಸರು ಬದಲಾದರೂ ಏ.ವಿ. ಹಾಗೇ ಉಳಿಯಿತು. ಈ ರಸ್ತೆಯ ಎರಡು ಹಳೆಯ ಕಟ್ಟಡಗಳಲ್ಲಿ ಒಂದು ಕಣ್ಣಿಗೆ ಹೆಸರಾದದ್ದು, ಇನ್ನೊಂದು ಕಿವಿಗೆ.

ಕಣ್ಣಿನದು ಮಿಂಟೋ. 1896ರಲ್ಲಿ ಶುರುವಾದ ಈ ಕಣ್ಣಾಸ್ಪತ್ರೆ 1913ರಲ್ಲಿ ಈಗಿನ ಕಲ್ಲುಕಟ್ಟಡ ಸೇರಿತು. ಹೆಸರು ವೈಸರಾಯ್ ಮಿಂಟೋನದು. ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆ ಗೊತ್ತಿರುವ ಮಾತು: ಡ್ರಾಪ್ಸ್ ಹಾಕುತ್ತಾರೆ, ಪಾಪೆ ಅಗಲವಾಗುತ್ತದೆ, ಹೊರಗೆ ಬಂದರೆ ಬಿಸಿಲು ಚುಚ್ಚುತ್ತದೆ. ಪಾಪೆ ಅಲ್ಲಿ ವೈದ್ಯರು ಒಳಗೆ ಇಣುಕುವ ಕಿಟಕಿ.

ಕಿವಿಯದು ಫೋರ್ಟ್ ಹೈಸ್ಕೂಲು. 1907ರ ಈ ಶಾಲೆಯ ಮೈದಾನದಲ್ಲಿ ರಾಮನವಮಿ ಬಂತೆಂದರೆ ಚಪ್ಪರ ಏಳುತ್ತದೆ. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಕಟ್ಟಿದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಅದು. ಚೆಂಬೈ, ಎಂ.ಎಸ್. ಸುಬ್ಬುಲಕ್ಷ್ಮಿ, ಬಡೇ ಗುಲಾಂ ಅಲಿ ಖಾನ್, ಭೀಮಸೇನ ಜೋಶಿ ಇವರನ್ನೆಲ್ಲ ಚಾಮರಾಜಪೇಟೆ ಈ ಚಪ್ಪರದಡಿ ಕೇಳಿತು. ಟಿಕೆಟ್ ಕೊಂಡವರು ಒಳಗೆ ಕುರ್ಚಿಯಲ್ಲಿ. ಕೊಳ್ಳದವರು ಹೊರಗೆ ಫುಟ್‌ಪಾತಿನಲ್ಲಿ.

ಒಳಗಿನವರಿಗೂ ಹೊರಗಿನವರಿಗೂ ಕೇಳುತ್ತಿದ್ದದ್ದು ಅದೇ ಕಲ್ಯಾಣಿ. ಇಬ್ಬರೂ ರಾಗ ಗುರುತಿಸಿ ತೊಡೆಯ ಮೇಲೆ ತಾಳ ಹಾಕಿಯಾರು. ಆದರೆ ಹೊರಗೆ ಕೂತವನು ಬಸ್ಸಿನ ಹಾರನ್ನು, ಮಾರ್ಕೆಟ್ಟಿನ ಗದ್ದಲಗಳ ನಡುವಿನಿಂದ ಒಂದೊಂದೇ ಸಂಗತಿಯನ್ನು ಹೆಕ್ಕಿಕೊಳ್ಳಬೇಕು. ಮನೆಗೆ ಹೋಗುವಷ್ಟರಲ್ಲಿ ಯಾರಿಗೆ ದಣಿವು ಹೆಚ್ಚು? ಕಿವಿಯ ಪರೀಕ್ಷೆಗಳಿಗೆ ಬಹುಕಾಲ ಈ ಪ್ರಶ್ನೆ ಸಿಕ್ಕಿರಲಿಲ್ಲ. ಪದಗಳ ಪಟ್ಟಿ ಓದುತ್ತಾರೆ, ಕೇಳಿದವರು ತಿರುಗಿ ಹೇಳುತ್ತಾರೆ, ಸರಿಯಾದವಕ್ಕೆ ಅಂಕ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೂ ಇಂಥ ಪಟ್ಟಿಗಳು ಸಿದ್ಧವಾಗಿವೆ. ಅಂಕದಿಂದ ಎಷ್ಟು ಕೇಳಿಸಿತು ಎಂಬುದು ತಿಳಿಯುತ್ತದೆ. ಕೇಳಲು ಎಷ್ಟು ಹೆಣಗಿದರು ಎಂಬುದು ತಿಳಿಯುವುದಿಲ್ಲ.

ಅದಕ್ಕೆ ಸುಳಿವು ಸಿಕ್ಕಿದ್ದು ಕಣ್ಣಿನಲ್ಲಿ. 1964ರಲ್ಲಿ ಅಮೆರಿಕದ ಹೆಸ್ ಮತ್ತು ಪೋಲ್ಟ್ ಕೆಲವರಿಗೆ ಬಾಯಿಲೆಕ್ಕದ ಗುಣಾಕಾರ ಕೊಟ್ಟು ಅವರ ಕಣ್ಣಿನ ಚಿತ್ರ ತೆಗೆದರು. ಲೆಕ್ಕ ಕಠಿಣವಾದಷ್ಟೂ ಪಾಪೆ ಹಿಗ್ಗಿತು. ಎರಡು ವರ್ಷದ ಮೇಲೆ ಡೇನಿಯಲ್ ಕಾನೆಮನ್ ಮತ್ತು ಜಾಕ್ಸನ್ ಬೀಟಿ ಸೆಕೆಂಡಿಗೊಂದರಂತೆ ಅಂಕಿಗಳನ್ನು ಕೇಳಿಸಿದರು. ಕಿವಿಗೆ ಬಿದ್ದ ಪ್ರತಿ ಅಂಕಿಗೂ ಪಾಪೆ ಅಷ್ಟಷ್ಟು ಅಗಲವಾಯಿತು. ತಿರುಗಿ ಒಪ್ಪಿಸುತ್ತ ಹೋದಂತೆ, ತಲೆಹೊರೆ ಇಳಿಸಿದಂತೆ, ಮತ್ತೆ ಕುಗ್ಗಿತು. ಈ ಕಾನೆಮನ್‌ಗೇ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಅಂಕಿಯ ಈ ಹೊರೆ ಅವಧಾನ ನೋಡಿದವರಿಗೆ ಹೊಸದಲ್ಲ. ಅಲ್ಲಿ ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರ ನಿಷೇಧಿಸುತ್ತಾರೆ, ಒಬ್ಬರು ನಡುನಡುವೆ ಗಂಟೆ ಬಾರಿಸುತ್ತಾರೆ. ಅಪ್ರಸ್ತುತ ಪ್ರಸಂಗಿಗೆ ಅಡ್ಡಿಪಡಿಸುವುದೇ ಕೆಲಸ. ಪದ್ಯ ಕಟ್ಟುತ್ತಲೇ ಅವಧಾನಿ ಗಂಟೆ ಎಷ್ಟು ಬಾರಿ ಬಡಿಯಿತೆಂದು ಕೊನೆಗೆ ಹೇಳಬೇಕು. ಇದೇ ಬೆಂಗಳೂರಿನಲ್ಲಿ 2012ರ ಕೊನೆಗೆ ಆರ್. ಗಣೇಶರು ಮೂರು ದಿನ ಕನ್ನಡದಲ್ಲಿ ಶತಾವಧಾನವನ್ನೇ ನಡೆಸಿದರು. ಗದ್ದಲವನ್ನು ಬೇಕೆಂದೇ ತಂದು ಕೇಳ್ಮೆಯನ್ನು ಒರೆಗೆ ಹಚ್ಚುವ ಈ ಕಲೆಯಲ್ಲಿ ಸಭಿಕರು ನೋಡುವುದು ಫಲವನ್ನು. ಪ್ರಯೋಗಾಲಯ ನೋಡುವುದು ಬೆವರನ್ನು.

2010ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಆಡ್ರಿಯಾನಾ ಝೆಕ್‌ವೆಲ್ಡ್ ಮತ್ತು ಸಂಗಡಿಗರು ಗದ್ದಲದಲ್ಲಿ ವಾಕ್ಯ ಕೇಳಿಸಿ ಪಾಪೆ ಅಳೆದರು. ಮಾತು ಅಸ್ಪಷ್ಟವಾದಷ್ಟೂ ಪಾಪೆ ಹೆಚ್ಚು ಹಿಗ್ಗಿತು. ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಗದ್ದಲ ಮಿತಿ ಮೀರಿದರೆ ಪಾಪೆ ಮತ್ತೆ ಸಣ್ಣದಾಗುತ್ತದೆ. ಕೇಳುವವರು ಕೈಚೆಲ್ಲಿರುತ್ತಾರೆ. ಫುಟ್‌ಪಾತಿನ ರಸಿಕ ಕಡಲೆಕಾಯಿ ಪೊಟ್ಟಣ ಬಿಚ್ಚುವ ಗಳಿಗೆ ಅದೇ ಇರಬೇಕು. ಹಿಯರಿಂಗ್ ಏಡ್‌ನ ಸದ್ದಿಳಿಸುವ ಸೌಲಭ್ಯದಿಂದ ಅಂಕ ಏರದಿದ್ದರೂ ದಣಿವು ಇಳಿಯುತ್ತದೆಯೇ ಎಂದು ನೋಡಲೂ ಈ ಅಳತೆ ಬಳಕೆಗೆ ಬಂದಿದೆ.

ಆದರೆ ಅಳೆಯುವುದು ನಾಜೂಕಿನ ಕೆಲಸ. ಬಿಸಿಲಿನಲ್ಲಿ 2 ಮಿಲಿಮೀಟರಿನಷ್ಟಿರುವ ಪಾಪೆ ಕತ್ತಲಲ್ಲಿ 8ರವರೆಗೆ ಹೋಗುತ್ತದೆ; ಮನಸ್ಸಿನ ಹೆಣಗಾಟಕ್ಕೆ ಅದು ಹಿಗ್ಗುವುದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ಕಡಿಮೆ. ಕೋಣೆಯ ಬೆಳಕು ಅಲುಗಬಾರದು, ತಲೆಯೂ ಅಲುಗಬಾರದು. ಸಂಜೆಗತ್ತಲು ಇಳಿಯುವ, ಬಣ್ಣದ ದೀಪಗಳು ಮಿನುಗುವ, ತನಿ ಆವರ್ತನಕ್ಕೆ ನೂರಾರು ತಲೆಗಳು ತೂಗುವ ಚಪ್ಪರದಲ್ಲಿ ಪಾಪೆ ಅಳೆಯುವ ಕ್ಯಾಮೆರಾ ಸೋಲುತ್ತದೆ. ಅದೇ ರಸ್ತೆಯ ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ನೇರವಾಗಿ ಕಛೇರಿಗೆ ಬಂದವರ ಪಾಪೆಯಂತೂ ಆ ಸಂಜೆ ಕಲ್ಯಾಣಿಗೂ ಹಾರನ್ನಿಗೂ ಒಂದೇ ಅಗಲ.