ಮೀನು ತಂದವರ ಹೆಸರೇನು? ಮಲ್ಪೆ ಕಡಲಿನ ಒಂದು ಹಳೆಯ ದಿನ

ಉಡುಪಿ ಪಕ್ಕದ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಹತ್ತಿದವರಿಗೆ ಒಂದು ಕಥೆ ಕಿವಿಗೆ ಬೀಳದೇ ಇರುವುದಿಲ್ಲ. ವಾಸ್ಕೋ ಡ ಗಾಮ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಈ ದ್ವೀಪದಲ್ಲಿ, ಆಮೇಲೆ ಅವನು ಕೇರಳದ ಕಡೆ ಹೋದ ಎನ್ನುವ ಕಥೆ. ದ್ವೀಪದ ಹೆಸರೂ ಅವನೇ ಇಟ್ಟದ್ದು ಎನ್ನುತ್ತಾರೆ. ಬಂದವರು ಫೋಟೋ ತೆಗೆದುಕೊಳ್ಳುತ್ತಾರೆ, ಗಾಮನ ಹೆಸರು ನೆನಪಿಟ್ಟುಕೊಂಡು ವಾಪಸಾಗುತ್ತಾರೆ.

ನಾವು ಆ ದ್ವೀಪಕ್ಕೂ ಹೋದೆವು, ಅದರ ಎದುರಿನ ಮೀನುಗಾರರ ಊರಿಗೂ ಹೋದೆವು. ಹೋಗುವ ಮೊದಲು ಗಾಮನ ಪ್ರಯಾಣದ ದಿನಚರಿಯನ್ನು ಓದಿಕೊಂಡಿದ್ದೆವು. ಅದರಲ್ಲಿರುವುದು ಬೇರೆಯೇ ಕಥೆ. ಆ ಕಥೆಯಲ್ಲಿ ನಮ್ಮ ಮೀನುಗಾರರೂ ಇದ್ದಾರೆ.

ದಿನಚರಿಯಲ್ಲಿ ಏನಿದೆ?

ಗಾಮನ ಹಡಗುಗಳಲ್ಲಿದ್ದ ಒಬ್ಬ ದಿನದಿನದ ಸಂಗತಿಗಳನ್ನು ಬರೆದಿಟ್ಟಿದ್ದ. ಅದರ ಹಳೆಯ ಕೈಬರಹದ ಪ್ರತಿ ಪೋರ್ಚುಗಲ್‌ನ ಪೋರ್ಟೊ ನಗರದ ಗ್ರಂಥಾಲಯದಲ್ಲಿದೆ. 2013ರಲ್ಲಿ ಯುನೆಸ್ಕೋ ಅದನ್ನು ಜಗತ್ತಿನ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿತು. ಅಲ್ವಾರೊ ವೆಲ್ಯು ಎಂಬವನು ಅದನ್ನು ಬರೆದಿರಬೇಕು ಎಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ಪ್ರತಿಯಲ್ಲಿ ಮಾತ್ರ ಬರೆದವನ ಹೆಸರಿಲ್ಲ.

ದಿನಚರಿಯ ಪ್ರಕಾರ ಗಾಮ 1497ರ ಜುಲೈ 8ರಂದು ಲಿಸ್ಬನ್ ಬಿಟ್ಟ. 1498ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ಹತ್ತಿರ ಬಂದ. ಅಲ್ಲಿನ ರಾಜ ಸಾಮೂದಿರಿಯ ಜತೆ ವ್ಯಾಪಾರದ ಮಾತು ಸರಿಹೋಗಲಿಲ್ಲ. ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟು ಕರಾವಳಿಗುಂಟ ಉತ್ತರಕ್ಕೆ ಸಾಗಿದ. ಸೆಪ್ಟೆಂಬರ್ 15ರ ಶನಿವಾರ, ದಡದಿಂದ ಸ್ವಲ್ಪ ದೂರದಲ್ಲಿರುವ ಸಣ್ಣ ದ್ವೀಪಗಳು ಸಿಕ್ಕವು. ಅವುಗಳಲ್ಲಿ ಒಂದರ ಮೇಲೆ ಒಂದು ಕಲ್ಲಿನ ಕಂಬ ನೆಟ್ಟರು. ಅದಕ್ಕೆ ಸಾಂತ ಮರಿಯ ಎಂದು ಹೆಸರಿಟ್ಟರು. ಚರಿತ್ರೆ ಬಲ್ಲವರು ಈ ದ್ವೀಪಗಳನ್ನು ಮಲ್ಪೆಯ ಎದುರಿನ ದ್ವೀಪಗಳೆಂದೇ ಗುರುತಿಸುತ್ತಾರೆ.

ಅಂದರೆ ಗಾಮ ಇಲ್ಲಿಗೆ ಬಂದದ್ದು ಮೊದಲಲ್ಲ, ಕೋಳಿಕ್ಕೋಡಿನಿಂದ ವಾಪಸ್ ಹೋಗುವಾಗ. ಬಂದು ನಾಲ್ಕು ತಿಂಗಳಾಗಿತ್ತು. ಬೋಟಿನಲ್ಲಿ ಹೇಳುವ ಕಥೆ ತಲೆಕೆಳಗಾಗಿದೆ.

ಪೋರ್ಚುಗಲ್‌ನ ರಾಜ ಇಂಥ ಮೂರು ಕಂಬಗಳಿಗೆ ಮೊದಲೇ ಹೆಸರು ಗೊತ್ತುಮಾಡಿ ಕಳಿಸಿದ್ದ. ಒಂದನ್ನು ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ನೆಟ್ಟರು, ಇನ್ನೊಂದು ಕೋಳಿಕ್ಕೋಡಿನ ಪಾಲಾಯಿತು. ಕೊನೆಗೆ ಉಳಿದದ್ದು ಇಲ್ಲಿಗೆ ಬಂತು. ನಮ್ಮ ದ್ವೀಪದ ಹೆಸರು ದ್ವೀಪವನ್ನು ನೋಡಿ ಹುಟ್ಟಿದ್ದಲ್ಲ, ಲಿಸ್ಬನ್‌ನಲ್ಲೇ ತಯಾರಾಗಿ ಹಡಗಿನಲ್ಲಿ ಬಂದದ್ದು. ಸ್ಥಳೀಯರಿಗೆ ಇದು ತೋನ್ಸೆಪಾರ್. ಆ ಹೆಸರು ಇವತ್ತಿಗೂ ಬಳಕೆಯಲ್ಲಿದೆ.

ಮೀನು ತಂದವರು

ಇದರ ನಂತರದ ನಾಲ್ಕೈದು ಸಾಲುಗಳಿಗಾಗಿಯೇ ನಾವು ಈ ಲೇಖನ ಬರೆಯುತ್ತಿರುವುದು.

ಕಂಬ ನೆಟ್ಟ ದಿನ ಹಲವು ದೋಣಿಗಳು ಹಡಗಿನ ಬಳಿಗೆ ಮೀನು ತಂದವು ಎಂದು ದಿನಚರಿ ಹೇಳುತ್ತದೆ. ಗಾಮ ಆ ದೋಣಿಯವರಿಗೆ ಅಂಗಿಗಳನ್ನು ಕೊಟ್ಟು ಖುಷಿಪಡಿಸಿದ. ದ್ವೀಪದ ಮೇಲೆ ಶಿಲುಬೆ ಇಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದ. ಅವರು ಆಗಲಿ ಎಂದರಂತೆ. ಅದನ್ನು ಇಟ್ಟರೆ ನೀವೂ ನಮ್ಮ ಹಾಗೆ ಕ್ರೈಸ್ತರೆಂದು ಗೊತ್ತಾಗುತ್ತದೆ ಎಂದೂ ಹೇಳಿದರಂತೆ.

ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಈ ಕಡಲಿನಲ್ಲಿ ಮೀನು ಹಿಡಿಯುವವರ ಮಾತು ತುಳು. ಗಾಮನ ಜತೆ ಅರಬ್ಬಿ ಬಲ್ಲವರು ಇದ್ದರು, ತುಳು ಬಲ್ಲವರಿದ್ದ ಸುಳಿವು ಇಲ್ಲ. ಕೋಳಿಕ್ಕೋಡಿನಲ್ಲಿ ಇದೇ ಜನ ಒಂದು ದೇವಸ್ಥಾನವನ್ನು ಚರ್ಚ್ ಎಂದು ತಿಳಿದು ಕೈಮುಗಿದು ಬಂದಿದ್ದರು. ಭಾರತದಲ್ಲಿ ಕ್ರೈಸ್ತರು ಸಿಗುತ್ತಾರೆ ಎಂಬ ನಂಬಿಕೆ ಇಟ್ಟುಕೊಂಡೇ ಹೊರಟವರು ಅವರು. ಹೀಗಾಗಿ ದಿನಚರಿಯಲ್ಲಿ ಇರುವ ಉತ್ತರ ಮೀನುಗಾರರದ್ದೋ ಬರೆದವನ ಆಸೆಯದ್ದೋ ಎಂದು ಅನುಮಾನಪಡಲು ಕಾರಣವಿದೆ. ದೋಣಿಯವರು ತಲೆಯಾಡಿಸಿರಬಹುದು, ನಕ್ಕಿರಬಹುದು. ಮೀನಿಗೆ ಬದಲಾಗಿ ಅಂಗಿ ಸಿಕ್ಕಿತಲ್ಲ ಎಂದು ವಾಪಸ್ ಬಂದಿರಬಹುದು.

ಊರೂರು ತಿರುಗಿ ಸುದ್ದಿ ಬರೆಯುವ ನಮ್ಮಂಥವರಿಗೆ ಇಲ್ಲಿ ಪಾಠವಿದೆ. ಭಾಷೆ ಬಾರದೆ ಪ್ರಶ್ನೆ ಕೇಳಿದರೆ ನಮ್ಮ ಪ್ರಶ್ನೆಯೇ ಉತ್ತರವಾಗಿ ವಾಪಸ್ ಬರುತ್ತದೆ.

ಆದರೂ ಈ ಸಾಲುಗಳಿಗೆ ಬೆಲೆ ಇದೆ. ದಿನಚರಿ ಬರೆದವನು ಅಂದು ಇಲ್ಲಿ ಕಂಡ ಜನ ಎಂದರೆ ಈ ಮೀನುಗಾರರೇ. ಅವರು ಆಗಲೇ ದೋಣಿಗಳಲ್ಲಿ ಇದ್ದರು, ಮೀನು ಹಿಡಿದಿದ್ದರು, ಅಪರಿಚಿತ ಹಡಗಿಗೆ ಹೆದರದೆ ಮಾರಾಟಕ್ಕೆ ಬಂದರು. ದೊಡ್ಡ ಹಡಗು ಅವರಿಗೆ ಹೊಸದೂ ಅಲ್ಲ. ಪಕ್ಕದ ಬಾರ್ಕೂರು, ಬಸ್ರೂರುಗಳಿಂದ ಅಕ್ಕಿ ತುಂಬಿದ ಹಡಗುಗಳು ಅರಬ್ ದೇಶಗಳ ಕಡೆಗೆ ಹೋಗುತ್ತಿದ್ದ ಕಾಲ ಅದು. ಮಧ್ವಾಚಾರ್ಯರು ಮಲ್ಪೆಯ ಕಡಲಲ್ಲಿ ಸಂಕಟಕ್ಕೆ ಸಿಕ್ಕ ಹಡಗನ್ನು ಪಾರುಮಾಡಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಸಿಕ್ಕ ಎಂಬ ಐತಿಹ್ಯದಲ್ಲೂ ಹಡಗೇ ಇದೆ. ಮೊಗವೀರರು ನಂಬುವ ಬೊಬ್ಬರ್ಯ ದೈವದ ಕಥೆಯಲ್ಲಿ ಅವನ ತಂದೆ ಕಡಲ ವ್ಯಾಪಾರದ ಮುಸ್ಲಿಂ. ಕಡಲಿಗೆ ಹೋಗುವವರನ್ನು ಬೊಬ್ಬರ್ಯ ಕಾಯುತ್ತಾನೆ ಎಂಬುದು ನಂಬಿಕೆ. ಕಡಲಾಚೆಯವರ ಜತೆ ಬಾಳಿದ ನೆನಪು ಇಲ್ಲಿ ದೈವದ ಕಥೆಯಾಗಿ ಉಳಿದಿದೆ.

ಗಾಮ ನೆಟ್ಟ ಕಂಬ ಇಂದು ದ್ವೀಪದಲ್ಲಿ ಇಲ್ಲ. ಮೀನುಗಾರರು ಇದ್ದಾರೆ.

ಕಂಬಗಳ ದ್ವೀಪ

ಕಂಬ ನೆಡಲು ಗಾಮ ಆರಿಸಿದ ಜಾಗದಲ್ಲಿ ಕಂಬಗಳಿಗೇನೂ ಬರವಿರಲಿಲ್ಲ. ದ್ವೀಪದ ತುಂಬ ಕಪ್ಪು ಕಲ್ಲಿನ ಕಂಬಗಳಿವೆ. ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು ಅಥವಾ ಏಳು. ಯಾರೋ ಉಳಿಯಿಂದ ಕೆತ್ತಿ ಜೋಡಿಸಿಟ್ಟ ಹಾಗೆ ಕಾಣುತ್ತವೆ.

ಸುಮಾರು 8.8 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಸೀಳಿ ಕುದಿಯುವ ಲಾವಾ ಹರಿಯಿತು. ಅದು ಆರುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಕೆಸರು ಬಿಲ್ಲೆಬಿಲ್ಲೆಯಾಗಿ ಒಡೆಯುವುದನ್ನು ನೀವು ನೋಡಿದ್ದೀರಿ. ಇಲ್ಲಿ ಅದೇ ಬಿರುಕು ಮೇಲಿನಿಂದ ಕೆಳಗಿನವರೆಗೂ ಇಳಿದು ಕಂಬಗಳಾದವು. ಆಗ ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಕಾಲದ ಲಾವಾ ಇದು ಎಂದು ವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಅದೇ ಗೌರವ ಸಿಕ್ಕಿದೆ.

ಗಾಮನ ದಾರಿಯಲ್ಲಿ ಇಂಥ ಬೆಂಕಿಯ ನೆಲ ಮತ್ತೆ ಮತ್ತೆ ಬರುತ್ತದೆ. ಹೊರಟಾಗ ನೀರು, ಸೌದೆ ತುಂಬಿಕೊಂಡದ್ದು ಅಟ್ಲಾಂಟಿಕ್ ಸಾಗರದ ಕೇಪ್ ವರ್ಡೆಯ ಸಾಂಟಿಯಾಗೊ ದ್ವೀಪದಲ್ಲಿ. ವಾಪಸ್ ಹೋಗುವಾಗ ಅವನ ಅಣ್ಣ ಪಾವುಲೊ ಕಾಯಿಲೆಯಿಂದ ತೀರಿಕೊಂಡದ್ದು ಅಜೋರ್ಸ್‌ನ ಟೆರ್ಸೈರಾ ದ್ವೀಪದಲ್ಲಿ. ಎರಡೂ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳು.

ಅದೇ ಸಾಗರದ ಮದೈರಾ ಕೂಡ ಜ್ವಾಲಾಮುಖಿ ದ್ವೀಪ. ಅಲ್ಲಿ ಕಾಮರ ದೆ ಲೋಬುಶ್ ಎಂಬ ಹಳೆಯ ಮೀನುಗಾರರ ಊರಿದೆ. ಅಲ್ಲಿನವರು ರಾತ್ರಿ ಹೋಗಿ, ಸಾವಿರ ಮೀಟರ್‌ನಷ್ಟು ಆಳಕ್ಕೆ ಗಾಳದ ಹಗ್ಗ ಇಳಿಸಿ, ಎಸ್ಪಾದ ಎಂಬ ಉದ್ದನೆಯ ಕಪ್ಪು ಮೀನು ಹಿಡಿಯುತ್ತಾರೆ. ಪ್ರವಾಸಿಗರಿಗೆ ಮೊದಲು ತೋರಿಸುವುದು ಏನು ಗೊತ್ತೇ? 1950ರಲ್ಲಿ ಬ್ರಿಟನ್‌ನ ಚರ್ಚಿಲ್ ಕೂತು ಚಿತ್ರ ಬರೆದ ಜಾಗ. ಕೆಲವು ಗಂಟೆ ಕೂತು ಎದ್ದುಹೋದವನ ಹೆಸರು ಆ ಊರಿಗೂ ಅಂಟಿಕೊಂಡಿದೆ.

ನಮಗೆ ಇದು ಹೊಸದಲ್ಲ. ನಾವು ಈಗ ಇರುವ ಬೆಂಗಳೂರಿನ ಬಿನ್ನಿಪೇಟೆಗೆ ಆ ಹೆಸರು ಬಂದದ್ದು ಬಿನ್ನಿ ಕಂಪನಿಯ ಗಿರಣಿಯಿಂದ. ತಲೆಮಾರುಗಳ ಕಾಲ ಸಾವಿರಾರು ಕಾರ್ಮಿಕರು ಅಲ್ಲಿ ನೂತರು, ನೇಯ್ದರು. ಗಿರಣಿ ಮುಚ್ಚಿತು, ಆ ನೆಲದಲ್ಲಿ ಅಪಾರ್ಟ್‌ಮೆಂಟ್, ಮಾಲ್ ಎದ್ದಿವೆ. ಕಂಪನಿಯ ಹೆಸರು ಬಸ್ಸಿನ ಬೋರ್ಡಿನ ಮೇಲೆ ಉಳಿಯಿತು. ನೇಯ್ದವರ ಹೆಸರು ಅವರವರ ಮನೆಯಲ್ಲಿ ಉಳಿದಿದ್ದರೆ ಉಂಟು.

ರಂಪಣಿಯ ಲೆಕ್ಕ

ಹಾಗಾದರೆ ಮಲ್ಪೆಯವರ ಚರಿತ್ರೆ ಎಲ್ಲಿದೆ? ನಮಗೆ ಸಿಕ್ಕ ಉತ್ತರ: ಬಲೆಯಲ್ಲಿ.

ಐವತ್ತು ವರ್ಷದ ಹಿಂದಿನವರೆಗೆ ಈ ಕರಾವಳಿಯ ದೊಡ್ಡ ಬಲೆ ಎಂದರೆ ರಂಪಣಿ. ಅದು ಗೋವಾ ಕಡೆಯಿಂದ ಬಂದದ್ದು ಎನ್ನುತ್ತಾರೆ. ಮಳೆಗಾಲ ಮುಗಿದು ಬಂಗುಡೆ, ಬೂತಾಯಿಯ ಹಿಂಡು ದಡದ ಹತ್ತಿರ ಬಂದಾಗ ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಹಿಡಿದಿರುತ್ತಿದ್ದರು. ದೋಣಿ ಉಳಿದ ಬಲೆಯನ್ನು ಬಿಡುತ್ತಾ ಅರ್ಧಚಂದ್ರದ ಹಾಗೆ ಸುತ್ತಿ ಬಂದು ಇನ್ನೊಂದು ತುದಿಯನ್ನು ದಡಕ್ಕೆ ಕೊಡುತ್ತಿತ್ತು. ಕಿಲೋಮೀಟರ್‌ನಷ್ಟು ಉದ್ದದ ಬಲೆಗಳೂ ಇದ್ದವು. ಎರಡು ಕಡೆ ಸೇರಿ ಎಂಬತ್ತು ನೂರು ಜನ ಎಳೆಯುತ್ತಿದ್ದರು.

ಇಷ್ಟು ದೊಡ್ಡ ಬಲೆ ಒಬ್ಬನ ಕೈಲಾಗುವ ಮಾತಲ್ಲ. ಒಬ್ಬೊಬ್ಬರು ಒಂದೊಂದು ತುಂಡು ಬಲೆ ತಂದು ಜೋಡಿಸುತ್ತಿದ್ದರು. ತುಂಡು ಕೊಟ್ಟವರಿಗೆ, ಎಳೆದವರಿಗೆ ಪಾಲು ಸಿಗುತ್ತಿತ್ತು. ಹೆಚ್ಚಾದ ಮೀನಿಗೆ ಉಪ್ಪು ಹಾಕುತ್ತಿದ್ದರು, ಬೂತಾಯಿಯಿಂದ ಎಣ್ಣೆ ತೆಗೆಯುತ್ತಿದ್ದರು, ಉಳಿದದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಮೀನು ಬುಟ್ಟಿ ಹೊತ್ತು ಹಳ್ಳಿಹಳ್ಳಿಗೆ ಮಾರಿದವರು ಹೆಂಗಸರು. ಯಾರದು ಎಷ್ಟು ತುಂಡು, ಯಾರಿಗೆ ಎಷ್ಟು ಪಾಲು ಎಂಬುದು ಊರಿಗೆಲ್ಲ ಗೊತ್ತಿತ್ತು. ಈ ಜನರ ಹೆಸರು ಸಾಲಾಗಿ ಬರುವ ಲೆಕ್ಕ ಅದು.

1975ರ ಸುಮಾರಿಗೆ ಪರ್ಸಿನ್ ಬೋಟ್ ಬಂತು. ಅದಕ್ಕೆ ಮೀನು ದಡಕ್ಕೆ ಬರುವವರೆಗೆ ಕಾಯಬೇಕಿಲ್ಲ. ಹಿಂಡು ಎಲ್ಲಿದೆಯೋ ಅಲ್ಲಿಗೇ ಹೋಗಿ ಬಲೆ ಸುತ್ತಿ ತಳವನ್ನು ಚೀಲದ ಬಾಯಿಯ ಹಾಗೆ ಬಿಗಿದು ಎತ್ತುತ್ತದೆ. ದಡದಲ್ಲಿ ಕಾದವರಿಗೆ ಮೀನು ಬರಲಿಲ್ಲ. ರಂಪಣಿಯವರಿಗೂ ಪರ್ಸಿನ್‌ನವರಿಗೂ ತಿಕ್ಕಾಟವಾಯಿತು. ಕೊನೆಗೆ ಕೆಲವು ರಂಪಣಿ ಗುಂಪುಗಳು ತಾವೇ ಸೇರಿ ಸಾಲ ಮಾಡಿ ಪರ್ಸಿನ್ ಬೋಟ್ ಕೊಂಡವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಈಗ ಅಲ್ಲಲ್ಲಿ ಕಾಣುವುದು ಚಿಕ್ಕ ಕೈರಂಪಣಿ.

ಇದರಿಂದ ಕೆಟ್ಟದ್ದೇ ಆಯಿತು ಎಂದು ನಾವು ಹೇಳುವುದಿಲ್ಲ. ಮಲ್ಪೆ ಇಂದು ರಾಜ್ಯದ ದೊಡ್ಡ ಮೀನುಗಾರಿಕಾ ಬಂದರು. ಸಾವಿರಕ್ಕೂ ಹೆಚ್ಚು ಬೋಟುಗಳಿವೆ. ಮಕ್ಕಳು ಓದಿದರು, ಹೆಂಚಿನ ಮನೆ ತಾರಸಿಯಾಯಿತು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ. ಆಮೇಲೆ ಸಮುದ್ರಕ್ಕೆ ಹಾಲೆರೆದು ಪೂಜೆ ಮಾಡುವ ಪದ್ಧತಿ ಇವತ್ತಿಗೂ ಇದೆ. ಆದರೆ ಬೋಟು ಈಗ ಹತ್ತಾರು ದಿನ ಆಳಸಮುದ್ರದಲ್ಲೇ ಇರುತ್ತದೆ. ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದವರೂ ಬೋಟಿನಲ್ಲಿ ದುಡಿಯುತ್ತಾರೆ. ಊರಿನವರೆಲ್ಲ ಸೇರಿ ದಡದಲ್ಲಿ ಹಗ್ಗ ಎಳೆಯುವಾಗ ಇದ್ದ ಆ ಪರಸ್ಪರ ಗುರುತು ದಕ್ಕೆಯ ಗದ್ದಲದಲ್ಲಿ ಸಿಗುವುದು ಕಷ್ಟ.

ಏಳು ಹೆಸರುಗಳು

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಸುವರ್ಣ ತ್ರಿಭುಜ ಎಂಬ ಬೋಟ್ ಹೊರಟಿತು. ಅದರಲ್ಲಿ ಏಳು ಜನರಿದ್ದರು. ಕೆಲವರು ಉಡುಪಿ ಕಡೆಯವರು, ಉಳಿದವರು ಉತ್ತರ ಕನ್ನಡದವರು. ಎರಡು ದಿನದ ನಂತರ ಸಂಪರ್ಕ ತಪ್ಪಿತು. ವಾರಗಳು ಕಳೆದರೂ ಸುಳಿವಿಲ್ಲದಾಗ, 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ದೋಣಿ ನಿಲ್ಲಿಸಿ ರಸ್ತೆಗಿಳಿದರು, ಹೆದ್ದಾರಿ ತಡೆದರು. ಮೇ ತಿಂಗಳಲ್ಲಿ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣದ ಎದುರು ಕಡಲ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ಆ ಏಳು ಜನ ಮನೆಗೆ ಬರಲಿಲ್ಲ.

1498ರಲ್ಲಿ ಹಡಗಿಗೆ ಮೀನು ಕೊಟ್ಟವರಲ್ಲಿ ಒಬ್ಬರ ಹೆಸರೂ ನಮಗೆ ಸಿಗದು. ಈ ಏಳು ಹೆಸರುಗಳು ಮಾತ್ರ ಪತ್ರಿಕೆಗಳಲ್ಲಿ, ಸರ್ಕಾರದ ಕಡತಗಳಲ್ಲಿ ಇವೆ. ಊರು ಬೀದಿಗೆ ಬಂದು ಕೇಳಿದ್ದರಿಂದ ಅವು ಬರಿಯ ಲೆಕ್ಕವಾಗಿ ಉಳಿಯಲಿಲ್ಲ. ಆದರೆ ಕಡಲಿನಲ್ಲಿ ಸತ್ತರಷ್ಟೇ ಮೀನುಗಾರನ ಹೆಸರು ಬರೆಯುವುದಾದರೆ, ಬದುಕಿದವರದ್ದನ್ನು ಬರೆಯುವವರು ಯಾರು?

ರಂಪಣಿ ಎಳೆದ ಕೊನೆಯ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ. ಬಲೆಯ ಪಾಲು ಹೇಗೆ ಹಂಚುತ್ತಿದ್ದರು, ನೀರಿನ ಬಣ್ಣ ನೋಡಿ ಹಿಂಡನ್ನು ಹೇಗೆ ಗುರುತಿಸುತ್ತಿದ್ದರು, ಗುರಿಕಾರರು ಜಗಳವನ್ನು ಹೇಗೆ ತೀರಿಸುತ್ತಿದ್ದರು ಎಂಬುದು ಅವರ ನೆನಪಿನಲ್ಲಿದೆ. ಕರಾವಳಿಯಲ್ಲಿ ಇದನ್ನು ಓದುತ್ತಿರುವವರು ನಿಮ್ಮ ಮನೆಯ ಅಜ್ಜ ಅಜ್ಜಿಯನ್ನು ಕೂರಿಸಿ ಕೇಳಿ, ಇದೇ ಫೋನಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ತುಳುವಿನಲ್ಲೋ ಕೊಂಕಣಿಯಲ್ಲೋ ಕುಂದಾಪುರ ಕನ್ನಡದಲ್ಲೋ, ಅವರ ಮಾತಿನಲ್ಲೇ ಇರಲಿ. ಶುರುವಿನಲ್ಲಿ ಅವರ ಪೂರ್ತಿ ಹೆಸರು, ಊರು, ಯಾವ ರಂಪಣಿಯಲ್ಲಿ ಪಾಲು ಇತ್ತು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಒಳನಾಡಿನವರಾದರೆ ನಿಮ್ಮೂರಿನ ಗಿರಣಿ, ಗಣಿ, ಕೆರೆ ಕೆಲಸ ಮಾಡಿದವರನ್ನು ಕೇಳಿ.