ದೊಡ್ಡ ಸ್ವಾಮಿಯವರ ಸಂದೇಹ



ಜುಲೈ 3ರಂದು ಪ್ರೇಷಿತ ಸಂತ ತೋಮರ ಹಬ್ಬ. ಗಾಯದ ಗುರುತನ್ನು ಮುಟ್ಟಿ ನೋಡದೆ ನಂಬಲಾರೆ ಎಂದ ಶಿಷ್ಯನೆಂದೇ ಅವರನ್ನು ನಾವು ನೆನೆಯುತ್ತೇವೆ. ಆದರೆ ಹಾಗೆಂದ ಮೇಲೂ ಅವರು ಸೋದರರನ್ನು ಬಿಟ್ಟು ಹೋಗಲಿಲ್ಲ. ಎಂಟು ದಿನಗಳ ನಂತರ ಪ್ರಭು ಬಂದಾಗ ತೋಮರು ಅದೇ ಮನೆಯಲ್ಲಿದ್ದರು. ಇದನ್ನು ನಾವು ಗಮನಿಸುವುದು ಕಡಿಮೆ.

ಮಂಡ್ಯ, ಮದ್ದೂರು, ಮಳವಳ್ಳಿಯ ನಮ್ಮ ಮನೆಗಳಲ್ಲಿ ಸಂದೇಹ ಬೇರೆ ವೇಷದಲ್ಲಿ ಬರುತ್ತದೆ. ನಾಲೆಗೆ ನೀರು ಬಿಟ್ಟಾರೆಯೇ, ಕಾರ್ಖಾನೆಗೆ ಸಾಗಿಸಿದ ಕಬ್ಬಿನ ಹಣ ಕೈಗೆ ಬಂದೀತೇ, ಮಗಳ ಮದುವೆಯ ಸಾಲ ತೀರೀತೇ? 2015ರಲ್ಲಿ ನಮ್ಮ ಜಿಲ್ಲೆಯ ಎಷ್ಟೋ ರೈತರು ಬೆಳೆಯ ನಡುವೆಯೇ ಪ್ರಾಣ ಬಿಟ್ಟ ಸುದ್ದಿಯನ್ನು ನಾವು ಮರೆತಿಲ್ಲ. ಸಾಲಕ್ಕಿಂತ ಹೆಚ್ಚಾಗಿ ‘ನನ್ನಿಂದ ಏನೂ ಆಗಲಿಲ್ಲ’ ಎಂಬ ಕೊರಗೇ ಮನುಷ್ಯನನ್ನು ತಿನ್ನುತ್ತದೆ.

ಈ ಕೊರಗನ್ನು ಇದೇ ಸೀಮೆಯಲ್ಲಿದ್ದು ಬರೆದಿಟ್ಟ ಗುರುಗಳೊಬ್ಬರಿದ್ದರು. ಅವರು ಅಬ್ಬೆ ದುಬುವಾ. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು. ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಉರಿಯುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟವರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದರು. 1784ರಲ್ಲಿ ಮಂಗಳೂರು ಸೀಮೆಯಿಂದ ಹಿಡಿದು ತಂದಿದ್ದ ಕ್ರೈಸ್ತರು 15 ವರ್ಷ ಸೆರೆಯಲ್ಲಿ ಸವೆದಿದ್ದರು. ಒತ್ತಾಯದಿಂದ ಮತ ಬಿಟ್ಟವರಿಗೆ ಧರ್ಮಸಭೆ ಮತ್ತೆ ಬಾಗಿಲು ತೆರೆದೀತೇ ಎಂಬ ಅಂಜಿಕೆ. ಅಂಥವರನ್ನು ಹುಡುಕಿ ಮರಳಿ ಕರೆತರುವುದೇ ಅವರ ಮೊದಲ ಕೆಲಸವಾಯಿತು. ಗಂಜಾಂನ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಗುರುತಾಗುತ್ತದೆ.

ದೊಡ್ಡ ಸ್ವಾಮಿಯವರು ನಮ್ಮವರಂತೆ ಉಟ್ಟರು, ಮಾಂಸ ಬಿಟ್ಟು ನಮ್ಮ ಊಟ ಉಂಡರು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮರುವರ್ಷವೇ ಅವರು ಅದನ್ನು ಮೈಸೂರು ಸೀಮೆಯ ಹಳ್ಳಿಗಳಿಗೆ ಒಯ್ದರು. ಸೂಜಿ ಕಂಡರೆ ಹೆದರಿ ಓಡುವ ಜನರಿಗೆ ತಿಳಿಹೇಳಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದರು.

ಇಷ್ಟೆಲ್ಲ ಮಾಡಿದವರು 1815ರಿಂದ ಬರೆದ ಪತ್ರಗಳನ್ನು ಓದಿದರೆ ಮನಸ್ಸು ಭಾರವಾಗುತ್ತದೆ. ಈ ನಾಡಿನಲ್ಲಿ ಶುಭಸಂದೇಶ ಬೇರೂರುವ ಕಾಲ ಕಳೆದುಹೋಯಿತು. ಇಷ್ಟು ವರ್ಷಗಳ ದುಡಿಮೆಯಲ್ಲಿ ತಮಗೆ ಸಿಕ್ಕಿದ್ದು ಇನ್ನೂರು ಮುನ್ನೂರು ಮಂದಿ. ಅವರಲ್ಲೂ ಮೂರನೇ ಎರಡು ಪಾಲು ಊರಾಚೆಯವರು, ಭಿಕ್ಷುಕರು. ಇದು ಅವರ ಲೆಕ್ಕ.

ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಗಲಿಲೇಯದ ದಡದಲ್ಲಿ ಪ್ರಭು ಆರಿಸಿಕೊಂಡದ್ದು ಬೆಸ್ತರನ್ನು, ಸುಂಕದವನನ್ನು. ಊರಾಚೆಯವನೊಬ್ಬ ಬಲಿಪೂಜೆಯಲ್ಲಿ ಎಲ್ಲರ ಜೊತೆ ಮೊಣಕಾಲೂರಿದರೆ ಅದು ಸೋಲಿನ ಪಟ್ಟಿಗೆ ಹೇಗೆ ಸೇರೀತು? ನಿರಾಶೆ ದೊಡ್ಡವರ ಕಣ್ಣಿಗೂ ಪೊರೆ ಕಟ್ಟುತ್ತದೆ. ಕೈಯಲ್ಲಿರುವುದು ಕಾಣುವುದಿಲ್ಲ, ಕೈಗೆ ಸಿಗದ್ದು ಮಾತ್ರ ಕಾಣುತ್ತದೆ. ಲಸಿಕೆಯಿಂದ ಬದುಕಿದ ಮಕ್ಕಳು ಅವರ ಆ ಲೆಕ್ಕಕ್ಕೆ ಬರಲೇ ಇಲ್ಲ.

ಆದರೆ ಒಂದು ಮಾತು. ಆ ಪತ್ರಗಳನ್ನು ಬರೆಯತೊಡಗಿದ ಮೇಲೂ ಅವರು ಏಳೆಂಟು ವರ್ಷ ಇಲ್ಲಿಯೇ ಇದ್ದರು. ಪೂಜೆ ಸಲ್ಲಿಸಿದರು, ಪಾಪನಿವೇದನೆ ಕೇಳಿದರು, ರೋಗಿಗಳ ಮನೆಗೆ ನಡೆದರು. ಸಂದೇಹ ತೀರಲಿ, ಆಮೇಲೆ ಕೆಲಸ ಎನ್ನಲಿಲ್ಲ. ನಾಳೆಯ ಚಿಂತೆ ನಾಳೆಗಿರಲಿ ಎಂದು ಪ್ರಭು ಹೇಳಿದ್ದು ಚಿಂತೆಯೇ ಇಲ್ಲದವರಿಗಲ್ಲ, ಇಂಥವರಿಗೇ. ಸಾಲದ ಚಿಂತೆಯಲ್ಲೂ ಬೆಳಗಾಗೆದ್ದು ಕೊಟ್ಟಿಗೆಗೆ ಹೋಗಿ ಹಾಲು ಕರೆಯುವ ನಮ್ಮ ತಾಯಂದಿರಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಅವರು ಆ ಭಾರವನ್ನು ಒಬ್ಬರೇ ಹೊರದೆ ಮನೆಯವರಿಗೆ, ನೆರೆಯವರಿಗೆ, ಗುರುಗಳಿಗೆ ಬಾಯಿಬಿಟ್ಟು ಹೇಳಿಕೊಳ್ಳಬೇಕು ಎಂಬುದಷ್ಟೇ ನಮ್ಮ ಕೋರಿಕೆ. ದೊಡ್ಡ ಸ್ವಾಮಿಯವರೂ ಒಳಗೇ ಇಟ್ಟುಕೊಳ್ಳದೆ ಬರೆದು ಹೇಳಿಕೊಂಡರು.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದವು. ಆಮೇಲೆ ಅವರು ಮಾಡಿದ್ದೇನು? ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಯ ಗುರುಮಠ ಸೇರಿ, ಪೂರ್ವ ದೇಶಗಳಿಗೆ ಹೊರಡುವ ಎಳೆಯ ಗುರುಗಳನ್ನು ತಯಾರುಮಾಡುವ ಕೆಲಸಕ್ಕೆ ನಿಂತರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. ಭರವಸೆಯೇ ಇಲ್ಲವೆಂದು ತಾವು ಬರೆದ ನಾಡಿಗೂ ಆ ಸಂಸ್ಥೆಯಿಂದ ಗುರುಗಳು ಬರುತ್ತಲೇ ಇದ್ದರು. ದೊಡ್ಡ ಸ್ವಾಮಿಯವರು ತೀರಿಕೊಂಡದ್ದು 1848ರಲ್ಲಿ. 1850ರಲ್ಲಿ ಮೈಸೂರು ಸೀಮೆಗೆ ತನ್ನದೇ ಆದ ಪ್ರೇಷಿತ ಆಡಳಿತ ಪ್ರಾಂತ ದೊರೆಯಿತು. 1886ರಲ್ಲಿ ಅದು ಮೈಸೂರು ಧರ್ಮಕ್ಷೇತ್ರವಾಯಿತು.